ಮುಂಗಾರಿಗೆ ಮೊದಲೇ ದೋಣಿ ಎಂಜಿನ್ ಪರೀಕ್ಷಿಸಿ

2013ರಲ್ಲಿ ಸುರಪುರ ಸೀಮೆಯ ನೀಲಕಂಠರಾಯನಗಡ್ಡಿಯ ತುಂಬು ಗರ್ಭಿಣಿಯೊಬ್ಬರು ಸೋರೆಬುರುಡೆ ಕಟ್ಟಿಕೊಂಡು ತುಂಬಿದ ಕೃಷ್ಣೆಯನ್ನು ಈಜಿ ದಾಟಿದರು. ಇಂಥ ಹೊಳೆಯಲ್ಲಿ ದೋಣಿಯ ಎಂಜಿನ್ ಕೈಕೊಟ್ಟರೆ ಅದು ಜೀವದ ಪ್ರಶ್ನೆ. ಆದರೆ ಎಂಜಿನ್ ಕೆಡುವ ಕಾರಣಗಳು ಹೆಚ್ಚಾಗಿ ಸಣ್ಣವು. ಹೋದ ಮಳೆಗಾಲದ ಪೆಟ್ರೋಲ್ ಹಾಗೇ ಉಳಿದರೆ ಅಂಟುಗಟ್ಟಿ ಕಾರ್ಬುರೇಟರಿನ ಸಣ್ಣ ರಂಧ್ರ ಮುಚ್ಚುತ್ತದೆ. ಎಂಜಿನ್ ಸ್ಟಾರ್ಟ್ ಆಗಿ ಆಫ್ ಆಗುತ್ತದೆ. ಎಂಜಿನ್ ತಂಪಾಗಿಸಲು ನೀರೆತ್ತುವ ರಬ್ಬರ್ ಇಂಪೆಲ್ಲರ್ ಮರಳಿಗೆ ಸವೆದರೆ ಹೊರಗೆ ಚಿಮ್ಮುವ ನೀರಿನ ಎಳೆ ತೆಳುವಾಗಿ ಎಂಜಿನ್ ಬಿಸಿಯಾಗುತ್ತದೆ. ಜೆಟ್ ದೋಣಿಯ ಎಂಜಿನ್ ಎಷ್ಟು ಮೊರೆದರೂ ದೋಣಿ ಮುಂದೆ ಸಾಗದಿದ್ದರೆ ಮೊದಲು ನೀರೆಳೆಯುವ ತಳದ ಜಾಲರಿ ನೋಡಬೇಕು. ಅಲ್ಲಿ ಜೊಂಡು, ಕಸ ಸಿಕ್ಕಿರಬಹುದು.

ಹರಿಗೋಲು ಸಾಲದೇ ಎನ್ನುವವರಿದ್ದಾರೆ. ಶಾಂತ ಹೊಳೆಗೆ ಸಾಕು. ನಾರಾಯಣಪುರ ಜಲಾಶಯದ ಗೇಟು ತೆರೆದಾಗಿನ ಸೆಳವಿಗೆ ಎದುರಾಗಿ ಹುಟ್ಟು ಹಾಕಲಾಗದು. ಮೆಕ್ಯಾನಿಕ್ ಎಲ್ಲಿ ಸಿಗುತ್ತಾರೆ ಎಂಬ ಮಾತೂ ಇದೆ. ಶಹಾಪುರ, ಸುರಪುರದಲ್ಲಿ ಬೈಕು, ಪಂಪ್‌ಸೆಟ್ ರಿಪೇರಿ ಮಾಡುವವರಿಗೆ ಕಾರ್ಬುರೇಟರ್, ಪ್ಲಗ್ ಹೊಸದಲ್ಲ; ಸ್ವಲ್ಪ ತರಬೇತಿ ಕೊಟ್ಟರೆ ಸಾಕು. ಯಾದಗಿರಿ ಜಿಲ್ಲಾಡಳಿತ ಮೇ ತಿಂಗಳಲ್ಲೇ ಪ್ರತಿ ದೋಣಿಯನ್ನೂ ನೀರಿಗಿಳಿಸಿ ಓಡಿಸಿ ನೋಡಲಿ.