ಸವೆದ ಮೆಟ್ಟಿಲು

ಜಡಿಮಳೆಯ ರಾತ್ರಿ, ಮನೆಯವರೆಲ್ಲ ಮಲಗಿದ ಮೇಲೆ ದೀಪದ ಬುಡದಲ್ಲಿ ಒಂದು ಅದ್ಭುತ ಕಥೆ ತೆರೆದು ಕೂರುವುದಿದೆಯಲ್ಲ, ಅದಕ್ಕಿಂತ ದೊಡ್ಡ ಸುಖ ನನಗೆ ಗೊತ್ತಿಲ್ಲ. ಅದರಲ್ಲೂ ಸಾವಿಲ್ಲದವರ ಕಥೆಯೆಂದರೆ ಜೀವ. ಕೈಯಲ್ಲೊಂದು ಪೆನ್ಸಿಲ್ ಇರಬೇಕು. ಮೈ ಜುಮ್ಮೆಂದ ಕಡೆ ಅಂಚಿನಲ್ಲಿ ಸಣ್ಣದೊಂದು ಗೀಟು ಎಳೆಯುತ್ತೇನೆ. ವರ್ಷಗಳಾದ ಮೇಲೆ ಆ ಗೀಟುಗಳ ಮೇಲೆ ಬೆರಳಾಡಿಸುತ್ತ ಓದುವುದು ಇನ್ನೊಂದು ಸುಖ.

ಈ ರುಚಿ ಹತ್ತಿಸಿದ್ದು ರೈಡರ್ ಹ್ಯಾಗರ್ಡ್‌ನ ‘ಶೀ’. ಅವೆನ್ಯೂ ರಸ್ತೆಯ ಹಳೇ ಪುಸ್ತಕಗಳ ರಾಶಿಯಲ್ಲಿ ಸಿಕ್ಕಿದ್ದು. 1886ರಲ್ಲಿ ಲಂಡನ್ನಿನ ‘ಗ್ರಾಫಿಕ್’ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಶುರುವಾಗಿ, ಮರುವರ್ಷ ಪುಸ್ತಕವಾಯಿತು. ಆಫ್ರಿಕಾದ ಒಳನಾಡಿನಲ್ಲಿ ಕೋರ್ ಎಂಬ ಪಾಳುನಗರ. ಅಲ್ಲಿ ಎರಡು ಸಾವಿರ ವರ್ಷಗಳಿಂದ ಮುಪ್ಪು ಮುಟ್ಟದ ಆಯೆಷಾ. ಮತ್ಸರದಿಂದ ತಾನೇ ಕೊಂದ ಪ್ರಿಯಕರ ಇನ್ನೊಂದು ಜನ್ಮವೆತ್ತಿ ಬಂದಾನೆಂದು ಕಾಯುತ್ತಿದ್ದಾಳೆ. ಕೇಂಬ್ರಿಜ್‌ನಿಂದ ಹೋಲಿ ಎಂಬ ವಿದ್ವಾಂಸ, ಅವನು ಸಾಕಿದ ಹುಡುಗ ಲಿಯೋ ಅಲ್ಲಿಗೆ ಬಂದು ಮುಟ್ಟುತ್ತಾರೆ.

ನನ್ನ ಮೊದಲ ದಪ್ಪ ಗೀಟು ಇರುವುದು ಒಂದು ಮೆಟ್ಟಿಲ ಸಾಲಿನ ಪಕ್ಕದಲ್ಲಿ. ಗುಹೆಯೊಳಗೆ ಇಳಿಯುವಾಗ ಕಲ್ಲು ನಡುವೆ ಆಳವಾಗಿ ಸವೆದಿರುವುದು ಹೋಲಿಯ ಕಣ್ಣಿಗೆ ಬೀಳುತ್ತದೆ. ಆಯೆಷಾ ಹೇಳುತ್ತಾಳೆ, ಇದು ತನ್ನೊಬ್ಬಳದೇ ಪಾದ ಸವೆಸಿದ್ದು ಎಂದು. ದಿನವೂ ಇಳಿದು ಹೋಗಿದ್ದಾಳೆ. ಕೆಳಗೆ ಆ ಪ್ರಿಯಕರನ ಕೆಡದೆ ಉಳಿದ ದೇಹವಿದೆ, ಪಕ್ಕದಲ್ಲಿ ಅವಳ ಹಾಸಿಗೆ. ಇಷ್ಟು ಓದಿ ಪುಸ್ತಕ ಮಡಿಸಿ ಸುಮ್ಮನೆ ಕೂತುಬಿಟ್ಟಿದ್ದೆ. ನಾಲ್ಕು ತಲೆಮಾರಿನವರು ತುಳಿದರೂ ನಮ್ಮ ಅಜ್ಜಿಮನೆಯ ಮೆಟ್ಟಿಲುಗಲ್ಲು ಅರ್ಧ ಬೆರಳಿನಷ್ಟೂ ತಗ್ಗಾಗಿರಲಿಲ್ಲ.

ಹ್ಯಾಗರ್ಡ್‌ಗೆ ಈ ಗುಟ್ಟು ಗೊತ್ತಿತ್ತು. ಕಾಲ ಕೈಗೆ ಸಿಗಬೇಕು. ಕಥೆಗೆ ಚಾಲನೆ ಕೊಡುವ ಹಳೇ ಮಡಕೆಚೂರನ್ನು ಅವನು ಬರಿಯ ಮಾತಿನಲ್ಲಿ ಬಿಡಲಿಲ್ಲ. ಅತ್ತಿಗೆಯ ನೆರವಿನಿಂದ ನಿಜವಾಗಿಯೇ ಒಂದನ್ನು ಮಾಡಿಸಿ, ಗ್ರೀಕ್ ಬರಹ ಬರೆಸಿ, ಅದರ ಚಿತ್ರವನ್ನು ಪುಸ್ತಕದಲ್ಲಿ ಅಚ್ಚು ಹಾಕಿಸಿದ. ಕೊನೆಗೆ, ಅವಳಿಗೆ ಮುಪ್ಪಿಲ್ಲದ ಬಾಳು ಕೊಟ್ಟ ಆ ಬೆಂಕಿ. ಲಿಯೋನ ಅಂಜಿಕೆ ಬಿಡಿಸಲೆಂದು ಆಯೆಷಾ ಎರಡನೆಯ ಸಲ ಜೀವಜ್ವಾಲೆಯೊಳಗೆ ನಿಲ್ಲುತ್ತಾಳೆ. ಮೊದಲು ಕೊಟ್ಟಿದ್ದನ್ನು ಅದು ಮರಳಿ ಕಿತ್ತುಕೊಳ್ಳುತ್ತದೆ. ಎರಡು ಸಾವಿರ ವರ್ಷ ಒಂದೇ ಗಳಿಗೆಯಲ್ಲಿ ಅವಳ ಮೈಮೇಲೆ ಕುಸಿಯುತ್ತದೆ.

ಇದರ ಮುಂದಿನ ಭಾಗವೊಂದಿದೆ, 1905ರ ‘ಆಯೆಷಾ: ದಿ ರಿಟರ್ನ್ ಆಫ್ ಶೀ’ ಎಂದು ತಿಳಿದಾಗಿನಿಂದ ಹುಡುಕಿದ್ದೇ ಹುಡುಕಿದ್ದು. ಸಿಕ್ಕ ಮೇಲೂ ಕೂಡಲೇ ಓದಲಿಲ್ಲ, ಮಳೆಗಾಲಕ್ಕೆಂದು ಎತ್ತಿಟ್ಟೆ. ಶುರುವೇನೋ ಚೆನ್ನಾಗಿತ್ತು. ಮಧ್ಯ ಏಷ್ಯಾದ ಹಿಮ, ಬೌದ್ಧ ಮಠ, ವರ್ಷಗಟ್ಟಲೆ ಅಲೆದ ಇಬ್ಬರು. ಮುಖ ಮುಚ್ಚಿಕೊಂಡ ಆಯೆಷಾ ಮುಸುಕು ಸರಿಸಿದಾಗ ಒಳಗಿರುವುದು ಸುಕ್ಕುಗಟ್ಟಿದ ಮುದುಕಿ. ಎದುರಿಗೆ ಚೆಲುವೆ ರಾಣಿ ಅಟೀನ್ ನಿಂತಿದ್ದರೂ ಲಿಯೋ ಮುದುಕಿಯನ್ನೇ ಆರಿಸಿಕೊಂಡು ಮುತ್ತಿಡುತ್ತಾನೆ. ಅಲ್ಲಿ ನನ್ನ ಪೆನ್ಸಿಲ್ ತಾನಾಗಿಯೇ ಓಡಿತು.

ಆ ಮುತ್ತಿಗೇ ಅವಳ ಚೆಲುವೆಲ್ಲ ಮರಳಿಬಿಡುತ್ತದೆ. ಪೆನ್ಸಿಲ್ ನಿಂತದ್ದೂ ಅಲ್ಲಿಯೇ. ಆಮೇಲೆ ಆಯೆಷಾ ಕಬ್ಬಿಣವನ್ನು ಚಿನ್ನ ಮಾಡುತ್ತಾಳೆ, ಲೋಕವನ್ನೇ ಆಳುವ ಲೆಕ್ಕ ಹಾಕುತ್ತಾಳೆ, ಬಿರುಗಾಳಿ ಸಿಡಿಲುಗಳನ್ನು ಯುದ್ಧಕ್ಕೆ ಕರೆತರುತ್ತಾಳೆ, ಪುಟಗಟ್ಟಲೆ ಮಾತಾಡುತ್ತಾಳೆ. ಶಕ್ತಿ ಬೆಳೆದಷ್ಟೂ ಅವಳು ನನ್ನಿಂದ ದೂರವಾದಳು. ಎಲ್ಲೂ ಒಂದು ಸವೆದ ಕಲ್ಲಿಲ್ಲ. ಬೆಂಕಿಯಲ್ಲಿ ಸುಟ್ಟವಳೇ ಎದ್ದು ಬಂದ ಮೇಲೆ ಈ ಕಥೆಯಲ್ಲಿ ಕಳೆದುಕೊಳ್ಳಲು ಏನು ಉಳಿಯಿತು? ಕೊನೆಗೆ ಅವಳ ಅಪ್ಪುಗೆಯ ಬಿಸಿ ತಾಳದೆ ಲಿಯೋ ಸತ್ತ. ಇವನೂ ಇನ್ನೊಮ್ಮೆ ಬರುತ್ತಾನೆ ಬಿಡು ಎಂದುಕೊಂಡು ಪುಟ ತಿರುವಿದೆ. ಪಾಳುನಗರದಲ್ಲಿ ಅವನಿಗೆ ಜ್ವರ ಬಂದಿದ್ದಾಗ ಉಸಿರು ಬಿಗಿಹಿಡಿದು ಓದಿದವನು ನಾನು. ಅವನ ಸಾವಿಗೆ ಅಳಲಾಗಲಿಲ್ಲ ಎನ್ನುವುದೇ ದೊಡ್ಡ ದುಃಖವಾಯಿತು.

ಹೊರಗೆ ಮಳೆ ಬಿಟ್ಟಿರಲಿಲ್ಲ. ಎದ್ದು ಕಪಾಟಿನಿಂದ ಹಳೇ ‘ಶೀ’ ತೆಗೆದೆ. ಗೀಟು ಮಾಸಿತ್ತು, ಪುಟ ತಾನಾಗಿಯೇ ತೆರೆದುಕೊಂಡಿತು. ಹೋಲಿ ದೀಪ ಹಿಡಿದು ಇಳಿಯುತ್ತಿದ್ದ. ನಾನೂ ಒಂದೊಂದೇ ಮೆಟ್ಟಿಲು ಇಳಿದೆ.