ಹೈಫಾದಿಂದ ಗುಬ್ಬಿಗೆ

ಬೆಂಗಳೂರಿನಿಂದ ಮಂಗಳೂರಿನ ಕಡೆ ಬಸ್ಸಿನಲ್ಲಿ ಹೋಗುವಾಗ ಕುಣಿಗಲ್ ಹತ್ತಿರ ನೀವು ಎಂದಾದರೂ ಕಿಟಕಿಯ ಹೊರಗೆ ನೋಡಿದ್ದೀರಾ? ಉದ್ದಕ್ಕೂ ಬೇಲಿ, ಹಳೆಯ ಮರಗಳು, ಅವುಗಳ ಆಚೆ ಹುಲ್ಲು ಮೇಯುವ, ಮೈ ಮಿರಮಿರ ಮಿಂಚುವ ಕುದುರೆಗಳು. ಜೊತೆಯಲ್ಲಿ ಮಕ್ಕಳಿದ್ದರೆ "ಅಮ್ಮೀ, ಘೋಡಾ!" ಎಂದು ಕೂಗುತ್ತಾರೆ. ಬಸ್ಸು ಮುಂದಕ್ಕೆ ಹೋಗುತ್ತದೆ, ನಾವು ಮರೆಯುತ್ತೇವೆ. ನಾನೂ ಎಷ್ಟೋ ವರ್ಷ ಹಾಗೆ ಮರೆತವಳೇ. ತುಮಕೂರಿನ ನಮ್ಮ ಮನೆಯಿಂದ ಕುಣಿಗಲ್ ಒಂದು ಗಂಟೆಯ ದಾರಿ. ಆದರೂ ಆ ಕುದುರೆಗಳಿಗೂ ನಮ್ಮಂಥವರ ಮನೆಗಳಿಗೂ ಇರುವ ನಂಟನ್ನು ತಿಳಿಯಲು ನಾನು ಗುಬ್ಬಿಯ ಒಬ್ಬ ದಾದಿಮಾ ಹತ್ತಿರ ಹೋಗಬೇಕಾಯಿತು.

ಮೊದಲು ಕುಣಿಗಲ್ ವಿಷಯ ಹೇಳುತ್ತೇನೆ. ಜನಪದ ಹಾಡಿನಿಂದ ಎಲ್ಲರಿಗೂ ಗೊತ್ತಿರುವ ಆ ದೊಡ್ಡ ಕೆರೆಯ ಊರಿನಲ್ಲಿ, ನಾನೂರು ಎಕರೆಗೂ ಹೆಚ್ಚು ಜಾಗದಲ್ಲಿ ಹರಡಿರುವುದು ಕುಣಿಗಲ್ ಸ್ಟಡ್ ಫಾರಂ. ಟಿಪ್ಪು ಸುಲ್ತಾನರ ಅಶ್ವಪಡೆಗೆ ಕುದುರೆ ಬೆಳೆಸಲು ಶುರುವಾದ ಜಾಗವೆಂದೇ ಅದು ಪ್ರಸಿದ್ಧ. ಈಗ ಅಲ್ಲಿ ಬೆಳೆಯುವುದು ರೇಸಿನ ಕುದುರೆಗಳು. ಅನುಮತಿ ಇಲ್ಲದೆ ಒಳಗೆ ಬಿಡುವುದಿಲ್ಲ. ನಾವು ಬೇಲಿಯ ಹೊರಗೆ ನಿಂತು ನೋಡಿದೆವು. 2024ರಲ್ಲಿ ಅಲ್ಲಿ ಟೌನ್‌ಶಿಪ್ ಕಟ್ಟುವ ಮಾತು ಬಂದು ಸಾಕಷ್ಟು ವಿರೋಧವೂ ಎದ್ದಿತು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಸುಲ್ತಾನರು ಶಹೀದರಾದ ಕಥೆಯನ್ನು ನಾವೆಲ್ಲ ಮಕ್ಕಳಿಗೆ ಹೇಳುತ್ತೇವೆ. ಆದರೆ ಆ ಸೇನೆಯ ಸವಾರರು ಮರುದಿನದಿಂದ ಏನು ತಿಂದರು ಎಂದು ಕೇಳುವವರು ಕಡಿಮೆ. ಕುದುರೆ ಏರಲು ಬಿಟ್ಟರೆ ಬೇರೇನೂ ಕಲಿಯದ ಜನ ಅವರು. ಹೊಸ ಮೈಸೂರು ಸಂಸ್ಥಾನ 4000 ಸವಾರರ ಪಡೆಯನ್ನು ಇಟ್ಟುಕೊಳ್ಳಬೇಕೆಂದು 1807ರಲ್ಲಿ ಬ್ರಿಟಿಷರ ಜೊತೆ ಒಪ್ಪಂದವಾಯಿತು. ಇದಕ್ಕೆ ಶಿಲ್ಲೇದಾರ್ ಪಡೆ ಎನ್ನುತ್ತಿದ್ದರು. ಶಿಲ್ಲೇದಾರ ತನ್ನ ಕುದುರೆಯನ್ನು ತಾನೇ ತರಬೇಕು. ಕುದುರೆ ಸತ್ತರೆ ನೌಕರಿಗೂ ಸಂಚಕಾರ. ಆ ಮನೆಗಳ ಹೆಂಗಸರು ಒಲೆಯ ಮುಂದಿನ ಮಗುವನ್ನೂ ಲಾಯದ ಮರಿಯನ್ನೂ ಒಂದೇ ಕಣ್ಣಿನಿಂದ ಕಾದಿರಬೇಕು.

1890ರ ದಶಕದ ಹೊತ್ತಿಗೆ ಸಂಸ್ಥಾನದ ಸವಾರರಿಂದ ಮೈಸೂರು ಇಂಪೀರಿಯಲ್ ಸರ್ವಿಸ್ ಲ್ಯಾನ್ಸರ್ಸ್ ಎಂಬ ಪಡೆ ತಯಾರಾಯಿತು. ಅದರಲ್ಲಿ ಅರಸು ಮನೆತನದವರಿದ್ದರು, ಮರಾಠರಿದ್ದರು, ಮುಸ್ಲಿಮರಿದ್ದರು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ನಾಲ್ವಡಿ ಕೃಷ್ಣರಾಜ ಒಡೆಯರು 50 ಲಕ್ಷ ರೂಪಾಯಿ ಕೊಟ್ಟರು, ಈ ಪಡೆಯನ್ನೂ ಕಳುಹಿಸಿದರು. ಅಕ್ಟೋಬರ್ ತಿಂಗಳಲ್ಲಿ ಅವರು ಬೆಂಗಳೂರು ಬಿಟ್ಟು ಬೊಂಬಾಯಿಯಿಂದ ಹಡಗು ಹತ್ತಿದರು. ಸುಮಾರು 500 ಸೈನಿಕರು, ಅಷ್ಟೇ ಕುದುರೆಗಳು, ಅವರ ಹಿಂದೆ ನೂರಕ್ಕೂ ಹೆಚ್ಚು ಸಾಯಿಸರು, ಲಾಳ ಕಟ್ಟುವವರು, ಅಡುಗೆಯವರು. ಸಾಯಿಸ್ ಎಂದರೆ ಕುದುರೆ ತೊಳೆದು, ಮೇವು ಹಾಕಿ, ಜೀನು ಬಿಗಿದು ಕೊಡುವವನು. ಯುದ್ಧದ ಪುಸ್ತಕಗಳಲ್ಲಿ ಈ ಜನರಿಗೆ 'ಹಿಂಬಾಲಕರು' ಎಂಬ ಒಂದು ಸಂಖ್ಯೆ ಇರುತ್ತದೆ, ಅಷ್ಟೆ.

ಗುಬ್ಬಿಯ ದಾದಿಮಾ ಅವರ ನಾನಾ ಆ ಸಂಖ್ಯೆಯೊಳಗಿನ ಒಬ್ಬರು.

ದಾದಿಮಾಗೆ ಈಗ ಎಂಬತ್ತೈದರ ಹತ್ತಿರ ವಯಸ್ಸು. ನನ್ನ ಶಿಷ್ಯೆಯೊಬ್ಬಳ ಮನೆಯ ಹಿರಿಯರು. ತುಮಕೂರಿನಿಂದ ಗುಬ್ಬಿಗೆ ಇಪ್ಪತ್ತು ಕಿಲೋಮೀಟರಷ್ಟೇ ಆದ್ದರಿಂದ ಒಂದು ಭಾನುವಾರ ಹೋಗಿ ಬಂದೆ. ಚಹಾ ಕೊಟ್ಟು, ನನ್ನ ಕೈ ಹಿಡಿದುಕೊಂಡೇ ಮಾತಾಡಿದರು. ನಾನಾ ಹಡಗಿನ ಬಗ್ಗೆ ಒಂದೇ ಮಾತು ಹೇಳುತ್ತಿದ್ದರಂತೆ: "ಜಾನವರಾಂ ಖಡೇ ಥೆ, ಹಮೇ ಬೀ ಖಡೇ ಥೆ." ಹಡಗಿನ ತಳದಲ್ಲಿ ಕುದುರೆಗಳು ದಿನಗಟ್ಟಲೆ ನಿಂತೇ ಇರಬೇಕು. ಮಲಗಿದರೆ ಏಳುವುದು ಕಷ್ಟ. ಅವುಗಳ ಜೊತೆ ಸಾಯಿಸರೂ ನಿಂತೇ ಇದ್ದರು.

ಮಿಸ್ರ್‌ನಲ್ಲಿ ಸುಯೆಜ್ ಕಾಲುವೆಯ ಕಾವಲು, ಆಮೇಲೆ ಸಿನಾಯ್ ಮರಳು, ಗಾಝಾ. 1918ರ ಸೆಪ್ಟೆಂಬರ್ 23ರಂದು ಅಂದಿನ ಪ್ಯಾಲೆಸ್ತೀನಿನ ಹೈಫಾ ಪಟ್ಟಣ. ಊರಿನ ಮೇಲೆ ಕಾರ್ಮೆಲ್ ಬೆಟ್ಟ, ಬೆಟ್ಟದ ಮೇಲೆ ಫಿರಂಗಿಗಳು, ಕೆಳಗೆ ಕೆಸರಿನ ನದಿ. ಮೈಸೂರಿನ ಒಂದು ತುಕಡಿ ಕಡಿದಾದ ಬೆಟ್ಟ ಹತ್ತಿ ಫಿರಂಗಿಗಳನ್ನು ಹಿಡಿಯಿತು. ಜೋಧಪುರದ ಸವಾರರು ಭರ್ಜಿ ಹಿಡಿದು ನೇರ ಊರಿಗೇ ನುಗ್ಗಿದರು. ಅವರ ಮೇಜರ್ ದಳಪತ್ ಸಿಂಗ್ ಅಲ್ಲೇ ಮಡಿದರು. ಎರಡೂ ಪಡೆಗಳಲ್ಲಿ 8 ಜನ ಸತ್ತರು, 34 ಮಂದಿ ಗಾಯಗೊಂಡರು, 60 ಕುದುರೆಗಳು ಸತ್ತವು. 1350 ಜನ ಸೆರೆಸಿಕ್ಕರು. ಒಂದು ತಿಂಗಳ ನಂತರ, ಅಕ್ಟೋಬರ್ 26ರಂದು, ಹಲಬ್ ನಗರದ ಉತ್ತರಕ್ಕೆ ಹರಿತಾನ್ ಎಂಬಲ್ಲಿ ಇದಕ್ಕಿಂತ ಹೆಚ್ಚು ಜನ ಸತ್ತರು. ಅದನ್ನು ಯಾರೂ ಹಬ್ಬ ಮಾಡಿ ನೆನೆಯುವುದಿಲ್ಲ. ನಾಲ್ಕೇ ದಿನಗಳಲ್ಲಿ ತುರ್ಕಿಯ ಜೊತೆ ಯುದ್ಧವಿರಾಮವಾಯಿತು.

ಇಲ್ಲಿ ನಿಮ್ಮ ಮನಸ್ಸಿಗೆ ಬಂದ ಪ್ರಶ್ನೆಯೇ ನನ್ನ ಮನಸ್ಸಿಗೂ ಬಂತು. ಎದುರು ನಿಂತವರು ಉಸ್ಮಾನಿಯಾ ಸೈನಿಕರು, ಖಲೀಫರ ಸೈನಿಕರು. ನಮ್ಮವರು ಯಾರ ವಿರುದ್ಧ ಹೋದರು? 1915ರಲ್ಲಿ ಸಿಂಗಾಪುರದ ಭಾರತೀಯ ಮುಸ್ಲಿಂ ಸಿಪಾಯಿಗಳು, ತಮ್ಮನ್ನು ತುರ್ಕರ ಮೇಲೆ ಕಳುಹಿಸುತ್ತಾರೆಂಬ ಸುದ್ದಿ ಕೇಳಿ ದಂಗೆ ಎದ್ದು, ಗೋಡೆಗೆ ನಿಲ್ಲಿಸಿ ಗುಂಡಿಕ್ಕಿಸಿಕೊಂಡರು. ಯುದ್ಧ ಮುಗಿದ ಮೇಲೆ ಖಿಲಾಫತ್ ಚಳವಳಿ ಊರೂರಿನಲ್ಲಿ ಎದ್ದಾಗ ದಾದಿಮಾರ ನಾನಾನನ್ನೂ ಮಸೀದಿಯ ಮೆಟ್ಟಿಲ ಮೇಲೆ ಕೆಲವರು ಕೇಳಿದರಂತೆ. "ಮೈಂ ಘೋಡೋಂಕು ದಾನಾ ಡಾಲಾ" ಎಂದು ಹೇಳಿ ಎದ್ದು ಹೋದರಂತೆ. ಕುದುರೆಗೆ ಹುರುಳಿ ಹಾಕಿದೆ, ಅಷ್ಟೆ.

ಅದು ತಪ್ಪಿಸಿಕೊಳ್ಳುವ ಉತ್ತರವೇ? ಇರಬಹುದು. ಆದರೆ ಫ್ಯಾನಿನ ಕೆಳಗೆ ಕೂತು ತೀರ್ಪು ಕೊಡಲು ನನಗೆ ನಾಲಿಗೆ ಬರುವುದಿಲ್ಲ. ತಲೆಮಾರುಗಳಿಂದ ಕುದುರೆಯಿಂದಲೇ ಅನ್ನ ತಿಂದ ಮನೆ ಅದು. ಹೈಫಾಕ್ಕೆ ಮೊದಲೇ, 1917ರ ನವೆಂಬರಿನಲ್ಲಿ, ಬ್ರಿಟಿಷರು ಬಾಲ್ಫೋರ್ ಘೋಷಣೆ ಹೊರಡಿಸಿ ಆ ನೆಲದ ಹಣೆಬರಹ ಬರೆದಾಗಿತ್ತು. ಕುದುರೆಗೆ ನೀರು ಕುಡಿಸುವ ಸಾಯಿಸನಿಗೆ ಅದನ್ನು ಯಾರು ಓದಿ ಹೇಳುತ್ತಾರೆ? ಹೈಫಾದ ಬಗ್ಗೆ ಅವರು ಹೇಳಿದ್ದು ಇನ್ನೊಂದೇ ಮಾತು. ಊರೊಳಗೆ ಹೋದ ಮೇಲೆ ಅಝಾನ್ ಕೇಳಿಸಿತು, ಗುಬ್ಬಿಯಲ್ಲಿ ಕೇಳಿದಂಥದ್ದೇ ಅಝಾನ್, ಕೈಯಲ್ಲಿದ್ದ ಬಕೆಟ್ ಕೆಳಗಿಟ್ಟುಬಿಟ್ಟೆ ಎಂದು.

ಅವರು ಅಲ್ಲಿ ಬದುಕಿ ಉಳಿದ ಅದೇ ದಿನಗಳಲ್ಲಿ ಇಲ್ಲಿ ಏನಾಯಿತು ಗೊತ್ತೇ? 1918ರ ಇನ್‌ಫ್ಲುಯೆಂಜಾ ಜ್ವರ. ಮೈಸೂರು ಸಂಸ್ಥಾನದಲ್ಲೇ ಒಂದು ಲಕ್ಷಕ್ಕೂ ಹೆಚ್ಚು ಜನ ಸತ್ತರು. ರಣರಂಗಕ್ಕೆ ಹೋದವರ ಮನೆಗಳಲ್ಲಿ ರೋಗ ಹೊಕ್ಕಿತ್ತು. ದಾದಿಮಾರ ನಾನಿಯೂ ಆರೋ ಏಳೋ ವರ್ಷದ ಮಾಮುವೂ ಒಂದೇ ವಾರದಲ್ಲಿ ಹೋದರು. ಉಳಿದದ್ದು ಒಂದು ಹೆಣ್ಣು ಮಗು, ಅದೇ ದಾದಿಮಾರ ತಾಯಿ. ಫೂಫಿಯ ಮನೆಯಲ್ಲಿ ಬೆಳೆಯಿತು.

ಪಡೆ ಬೆಂಗಳೂರಿಗೆ ಮರಳಿದ್ದು 1920ರ ಆರಂಭದಲ್ಲಿ. ಐದು ವರ್ಷ ದಾಟಿತ್ತು. ರೈಲಿನಲ್ಲಿ ಗುಬ್ಬಿಗೆ ಬಂದಿಳಿದ ಆ ಮನುಷ್ಯನ ಗಂಟಿನಲ್ಲಿ ಹೆಂಡತಿಗೆಂದು ಮಿಸ್ರ್‌ನಿಂದ ತಂದ ಒಂದು ಮಣಿಸರವಿತ್ತು. ಬಾಗಿಲಲ್ಲಿ ಫೂಫಿ, ಫೂಫಿಯ ಸೆರಗಿನ ಹಿಂದೆ ಎಂಟು ವರ್ಷದ ಹುಡುಗಿ. "ಯಾರೋ ಗಡ್ಡದವರು ಬಂದಿದ್ದಾರೆ" ಎಂದು ಹುಡುಗಿ ಅಡುಗೆಮನೆಗೆ ಓಡಿಹೋಯಿತಂತೆ. ಮಣಿಸರ ಮದುವೆಯ ದಿನ ಅವಳಿಗೇ ಸಿಕ್ಕಿತು. ದಾದಿಮಾ ಅದನ್ನು ಹತ್ತಿಯ ಬಟ್ಟೆಯಲ್ಲಿ ಸುತ್ತಿಟ್ಟಿದ್ದಾರೆ. ನನಗೆ ತೋರಿಸಿದರು. ಸಾಧಾರಣ ನೀಲಿ ಗಾಜಿನ ಮಣಿಗಳು.

ಆಮೇಲೆ ನಾನಾ ಜಟಕಾ ಓಡಿಸಿದರು, ಗುಬ್ಬಿ ಸ್ಟೇಷನ್ನಿನಿಂದ ಪೇಟೆಗೆ. ಚಾವಟಿ ಇಟ್ಟುಕೊಳ್ಳಲೇ ಇಲ್ಲ. ಇಳಿಜಾರಿನಲ್ಲಿ ತಾವೇ ಕೆಳಗಿಳಿದು ಕುದುರೆಯ ಪಕ್ಕ ನಡೆಯುತ್ತಿದ್ದರು, ಗಾಡಿಯಲ್ಲಿದ್ದವರು ಬೈದುಕೊಂಡರೂ ಸರಿ. ಅಲ್ಲಿ ಬಿಟ್ಟು ಬಂದ ಕುದುರೆಗಳ ನೆನಪಿರಬೇಕು. ಆಸ್ಟ್ರೇಲಿಯಾದಿಂದ ಆ ಯುದ್ಧಕ್ಕೆ ಹೋದ ಒಂದು ಲಕ್ಷಕ್ಕೂ ಹೆಚ್ಚು ಕುದುರೆಗಳಲ್ಲಿ ತವರಿಗೆ ಮರಳಿದ್ದು ಸ್ಯಾಂಡಿ ಎಂಬ ಒಂದೇ ಒಂದು.

ಮೈಸೂರು ಲ್ಯಾನ್ಸರ್ಸ್ 1953ರಲ್ಲಿ ಭಾರತೀಯ ಸೇನೆಯ 61ನೇ ಕ್ಯಾವಲ್ರಿಯಲ್ಲಿ ಸೇರಿಹೋಯಿತು. ದೆಹಲಿಯ ತೀನ್ ಮೂರ್ತಿಯ ಮೂವರು ಕಂಚಿನ ಸೈನಿಕರಲ್ಲಿ ಒಬ್ಬ ಮೈಸೂರಿನವನು, ಇನ್ನಿಬ್ಬರು ಜೋಧಪುರ ಮತ್ತು ಹೈದರಾಬಾದಿನವರು. 2018ರಲ್ಲಿ ಆ ವೃತ್ತಕ್ಕೆ ಹೈಫಾದ ಹೆಸರೂ ಸೇರಿತು. ಕುಣಿಗಲ್ಲಿನಲ್ಲಿ ಬೆಳೆಯುವಂಥ ರೇಸ್ ಕುದುರೆಗೆ ತಾಯಿ ಯಾರು, ತಾಯಿಯ ತಾಯಿ ಯಾರು ಎಂದು ಏಳೆಂಟು ತಲೆಮಾರಿನ ದಾಖಲೆ ಇರುತ್ತದೆ. ನಿಮ್ಮ ನಾನಿಯ ಹೆಸರೇನು ಎಂದು ನಾನು ದಾದಿಮಾರನ್ನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾಯಿಸ್‌ಕೀ ಬೀವಿ ಅಂತಲೇ ಎಲ್ಲರೂ ಕರೆಯುತ್ತಿದ್ದರಂತೆ ಮಗಳೇ" ಎಂದರು.

ಹೊರಡುವಾಗ ಅವರು ನನಗೊಂದು ಕೆಲಸ ಒಪ್ಪಿಸಿದರು. ನಾನಾ ಮುದಿ ವಯಸ್ಸಿನಲ್ಲಿ ನಿದ್ದೆಯಲ್ಲಿ ಒಬ್ಬ ಸವಾರನ ಹೆಸರು ಕೂಗುತ್ತಿದ್ದರಂತೆ. ಎಚ್ಚರವಾದ ಮೇಲೆ ಕೇಳಿದರೆ ಏನೂ ಹೇಳುತ್ತಿರಲಿಲ್ಲ. ಬೆಂಗಳೂರಿನಲ್ಲಿ ಆ ಪಡೆಯ ಕಲ್ಲಿದೆಯಂತಲ್ಲ, ಅಲ್ಲಿ ಆ ಹೆಸರಿದೆಯೇ ನೋಡಿ ಬಾ ಎಂದರು.

ಮುಂದಿನ ಸಲ ಬೆಂಗಳೂರಿಗೆ ಹೋದಾಗ ಮೇಖ್ರಿ ಸರ್ಕಲ್ ಹತ್ತಿರ ಜೆ.ಸಿ. ನಗರದಲ್ಲಿರುವ ಮೈಸೂರು ಲ್ಯಾನ್ಸರ್ಸ್ ಸ್ಮಾರಕಕ್ಕೆ ಹೋದೆ. ವಾಹನಗಳ ಸದ್ದಿನ ನಡುವೆ ಒಂದು ಕಲ್ಲುಕಂಬ. ಈಜಿಪ್ಟ್, ಪ್ಯಾಲೆಸ್ತೀನ್, ಸಿರಿಯಾ ನೆಲದಲ್ಲಿ ಸತ್ತವರ ಹೆಸರುಗಳು ಅದರಲ್ಲಿ ಕೊರೆದಿವೆ, ಹಿಂದೂ ಹೆಸರು ಮುಸ್ಲಿಂ ಹೆಸರು ಒಂದರ ಕೆಳಗೊಂದು. ಬೆರಳಿಟ್ಟು ಎರಡು ಸಲ ಓದಿದೆ. ದಾದಿಮಾ ಹೇಳಿದ ಹೆಸರು ಅಲ್ಲಿರಲಿಲ್ಲ.

ಅಲ್ಲಿಂದಲೇ ಫೋನ್ ಮಾಡಿ ಹೇಳಿದೆ. ಬೇಸರ ಪಡುತ್ತಾರೆಂದುಕೊಂಡಿದ್ದೆ.

"ಇಲ್ಲವಾ?" ಎಂದರು. "ಹಾಗಾದರೆ ಅವನೂ ಮನೆಗೆ ಬಂದಿರಬೇಕು ಬಿಡು."