ಆಯಿಗೊಂದು ಕಾಗದ

ನಮ್ಮ ಮನೆಯಲ್ಲಿ ಆಯಿ ಅಂದರೆ ಅಜ್ಜಿ. ಹಿತ್ತಲ ಗೋಡೆಯ ಆಚೆಗಿದ್ದ ಮರಾಠಿ ಮನೆಯಲ್ಲಿ ಆಯಿ ಅಂದರೆ ತಾಯಿ. ಆ ಮನೆಯ ಹುಡುಗ ‘ಆಯೀ’ ಎಂದು ಕೂಗಿದರೆ ಎಷ್ಟೋ ಸಲ ನಮ್ಮ ಅಜ್ಜಿಯೇ ಪಡಸಾಲೆಯಿಂದ ‘ಏನೋ ತಮ್ಮಾ’ ಎಂದು ಓಗೊಡುತ್ತಿದ್ದಳು. ಅಕ್ಕಲಕೋಟೆ ತಾಲೂಕಿನಲ್ಲಿ, ದುಧನಿ ಸ್ಟೇಷನ್ನಿನಿಂದ ಎರಡು ಹರದಾರಿ ಒಳಗಿದ್ದ ನಮ್ಮೂರಿನ ಮಕ್ಕಳಿಗೆ ಇದೇನು ಗೊಂದಲದ ಮಾತಲ್ಲ. ದನಿ ಯಾವ ಕಡೆಯಿಂದ ಬಂತೋ ಅದರ ಮೇಲೆ ಅರ್ಥ. ಒಂದು ಸಲ ಮಾತ್ರ ಆ ಶಬ್ದ ನನ್ನ ಬಾಯಲ್ಲೇ ಸಿಕ್ಕಿಹಾಕಿಕೊಂಡಿತು. ಅದು 1973ರ ಬೇಸಿಗೆ.

ಅದಕ್ಕೂ ಮೊದಲು ಯುದ್ಧ. 1971ರ ಡಿಸೆಂಬರ್ 3ಕ್ಕೆ ಶುರುವಾಗಿ 16ಕ್ಕೆ ಢಾಕಾದಲ್ಲಿ ಮುಗಿದ ಯುದ್ಧವನ್ನು ನಾವು ಕಂಡದ್ದೆಲ್ಲ ಕಿವಿಯಿಂದಲೇ. ಊರಿಗೆಲ್ಲ ಇದ್ದ ಮೂರು ರೇಡಿಯೋಗಳಲ್ಲಿ ಒಂದು ಕಿರಾಣಿ ಅಂಗಡಿಯ ಕಟ್ಟೆಯ ಮೇಲಿತ್ತು. ಕನ್ನಡ ವಾರ್ತೆ ಮುಗಿದರೂ ಯಾರೂ ಏಳುತ್ತಿರಲಿಲ್ಲ. ಮರಾಠಿ ವಾರ್ತೆಯಲ್ಲೂ ಅದೇ ಸುದ್ದಿ ಬಂದ ಮೇಲೇ ಹಿರಿಯರು ಧೋತರ ಕೊಡವಿಕೊಂಡು ಮನೆಯ ದಾರಿ ಹಿಡಿಯುತ್ತಿದ್ದರು. ಎರಡು ಭಾಷೆಯಲ್ಲಿ ಕೇಳಿದ್ದೇ ಖರೆ ಸುದ್ದಿ ಎಂದು ಅಪ್ಪ ನಂಬಿದ್ದ. ನಮ್ಮ ಓಣಿಯ ಮೂಲೆಮನೆ ಅತ್ತಿ ಮಾತ್ರ ವಾರ್ತೆಗೆ ಬರುತ್ತಿರಲಿಲ್ಲ. ಅವಳ ಮಗ ಪಲ್ಟಣಿನಲ್ಲಿದ್ದ. ನಾವು ಬಾಗಿಲ ಮುಂದೆ ಹಾಯುವಾಗ, ‘ಏನಂದ್ರ ರೇಡಿಯೋದಾಗ?’ ಎಂದು ಕೇಳಿ, ಉತ್ತರ ಬರುವ ಮೊದಲೇ ಒಳಗೆ ಹೋಗಿಬಿಡುತ್ತಿದ್ದಳು.

ಅತ್ತಿಯ ಮಗ, ನಮಗೆಲ್ಲ ಅಣ್ಣ, ಬದುಕಿ ಉಳಿದ. ಊರೆಲ್ಲ ಪೇಢೆ ಹಂಚಿತು. ಯುದ್ಧ ಮುಗಿಯಿತು ಎಂದು ನಾವು ಅಂದುಕೊಂಡೆವು. ಆದರೆ ಗೆದ್ದ ಯುದ್ಧವೂ ಅಡುಗೆಮನೆಯಲ್ಲಿ ಬಹಳ ದಿನ ಉಳಿಯುತ್ತದೆ ಎಂಬುದು ಅವ್ವನಿಗೆ ಗೊತ್ತಿತ್ತು. ಆಳಂದದ ಕಡೆಯ ಮಾಮಾನಿಗೆ ಬರೆಯುವ ಲಕೋಟೆಗೆ ನಿರಾಶ್ರಿತರ ಸಲುವಾಗಿ ಐದು ಪೈಸೆಯ ಇನ್ನೊಂದು ತಿಕೀಟು ಅಂಟಿಸಬೇಕಾಗಿತ್ತು. ಹಂಗಾಗಿ ಎರಡು ಲಕೋಟೆಯ ಮಾತು ಒಂದರಲ್ಲೇ ತುಂಬಿ, ಅಂಚಿನ ಸುತ್ತಲೂ ಬರೆಯುವುದನ್ನು ಆಗಲೇ ಕಲಿತೆ. ಬಂಗಾಳದ ನಿರಾಶ್ರಿತರು ಯಾರು, ಎಲ್ಲಿಯವರು ಎಂದು ನಮ್ಮ ಆಯಿಗೆ ತಿಳಿಯದು. ‘ಮನಿ ಬಿಟ್ಟು ಬಂದವರು’ ಎಂದು ಹೇಳಿದ್ದಷ್ಟೇ. ಆಮೇಲೆ ಆ ಐದು ಪೈಸೆಗೆ ಆಕೆ ಒಂದು ದಿನವೂ ಗೊಣಗಲಿಲ್ಲ.

ಮರುವರ್ಷ ಮಳೆ ಬರಲಿಲ್ಲ. 1972ರ ದುಷ್ಕಾಳ ಕಂಡವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೋರಿ ಹೊಳೆಯಲ್ಲಿ ಮಕ್ಕಳು ಒರತೆ ತೋಡಿ ಬಟ್ಟಲಲ್ಲಿ ನೀರು ಮೊಗೆದರು. ಸರಕಾರ ಕಾಮಗಾರಿ ತೆಗೆಯಿತು. ಮುಂದಿನ ಬೇಸಿಗೆಯ ಹೊತ್ತಿಗೆ ಮಹಾರಾಷ್ಟ್ರದಲ್ಲಿ ಸುಮಾರು ಐವತ್ತು ಲಕ್ಷ ಜನ ಇಂಥ ಕೆಲಸಗಳ ಮೇಲಿದ್ದರು. ಅವರಲ್ಲಿ ನಮ್ಮ ಅವ್ವ, ಅಪ್ಪ, ಮೂಲೆಮನೆ ಅತ್ತಿ ಮೂವರೂ ಇದ್ದರು. ಖಡಿ ಒಡೆಯಬೇಕು, ರಾಶಿ ಮಾಡಬೇಕು, ಬ್ರಾಸು ಎಂಬ ಅಳತೆಯ ಲೆಕ್ಕಕ್ಕೆ ಕೂಲಿ. ಒಡೆದ ಕಲ್ಲಿನ ಚೂರು ಅವ್ವನ ಕೈಬೆರಳ ಸಂದಿಯಲ್ಲಿ ಕೂತು, ರಾತ್ರಿ ಕಂದೀಲಿನ ಬೆಳಕಿಗೆ ಹಿಡಿದು ನಾನು ಸೂಜಿಯಿಂದ ತೆಗೆಯುತ್ತಿದ್ದೆ. ಆ ಹಸ್ತದ ಗೆರೆಗಳಲ್ಲಿ ಕಲ್ಲಿನ ಬಿಳಿ ಪುಡಿ ತುಂಬಿರುತ್ತಿತ್ತು. ತೊಳೆದರೂ ಹೋಗುತ್ತಿರಲಿಲ್ಲ.

ಆ ವರ್ಷ ನಮ್ಮ ಕನ್ನಡಕ್ಕೆ ಎಷ್ಟು ಮರಾಠಿ ಶಬ್ದ ಬಂದು ಸೇರಿದವು! ಖಡಿ, ಮಸ್ಟರು, ಪಗಾರ, ದನಗಳ ಛಾವಣಿ, ಸುಕಡಿ. ಸುಕಡಿ ಅಂದರೆ ಕೆಲಸದ ಜಾಗದಲ್ಲಿ ಹಂಚುತ್ತಿದ್ದ ಹುರಿದ ಸಿಹಿ ಹಿಟ್ಟು. ಅವ್ವ ತನ್ನ ಪಾಲನ್ನು ಸೆರಗಿನ ಚುಂಗಿನಲ್ಲಿ ಕಟ್ಟಿಕೊಂಡು ತಂದು ನಮಗೆ ಬಿಚ್ಚುತ್ತಿದ್ದಳು. ಹಿಟ್ಟಿಗೆ ಆಕೆಯ ಬೆವರಿನ ವಾಸನೆ ಇರುತ್ತಿತ್ತು. ಇವತ್ತಿಗೂ ಸಿಹಿ ಎಂದರೆ ನನ್ನ ನಾಲಿಗೆಗೆ ಮೊದಲು ನೆನಪಾಗುವುದು ಅದೇ.

ಇನ್ನು ಮಿಲೋ. ರೇಷನ್ ಅಂಗಡಿಯಲ್ಲಿ ಸಿಗುತ್ತಿದ್ದ, ಅಮೆರಿಕದಿಂದ ಬಂದ ಕೆಂಪು ಜೋಳ. ಬಿಳಿಜೋಳ ಉಂಡು ಬೆಳೆದ ಸೊಲ್ಲಾಪುರ ಸೀಮೆಯ ಹೆಣ್ಣುಮಕ್ಕಳಿಗೆ ಅದರ ಹಿಟ್ಟು ಮಣಿಯಲಿಲ್ಲ. ಅವ್ವ ಎಸರು ಕಾಯಿಸಿ ಸುರಿದು, ಪರಾತದಲ್ಲಿ ಅಂಗೈ ಕೆಂಪಾಗುವಷ್ಟು ನಾದಿ, ಬಡಿಯಲು ಕೂತರೆ ಮೂರನೆಯ ಏಟಿಗೇ ಅಂಚು ಬಿರಿಯುತ್ತಿತ್ತು. ಬೆರಳಿಗೆ ನೀರು ಹಚ್ಚಿಕೊಂಡು ಬಿರುಕು ಮುಚ್ಚುವಳು, ಮತ್ತೆ ಬಡಿಯುವಳು. ಹಂಚಿಗೆ ಹಾಕುವಾಗ ಅದು ಎರಡಾಗುತ್ತಿತ್ತು. ಒಂದು ಸಂಜೆ ಗೋಡೆಯ ಆಚೆಯ ಕಾಕು ಬಂದು ಅವ್ವನ ಪಕ್ಕ ಕೂತು, ಹಿಟ್ಟಿಗೆ ಬೇಯಿಸಿದ ಗೆಣಸು ಕಿವುಚಿ ಹಾಕಿ ನಾದಿ ತೋರಿಸಿದಳು. ಆಕೆ ಹೇಳಿದ್ದು ಮರಾಠಿಯಲ್ಲಿ, ಅವ್ವ ಹೂಂಗುಟ್ಟಿದ್ದು ಕನ್ನಡದಲ್ಲಿ. ಅವತ್ತು ರೊಟ್ಟಿ ಒಡೆಯಲಿಲ್ಲ. ಅದರಾಚೆ ಆ ಇಬ್ಬರೂ ಒಂದೇ ಒಲೆಯಲ್ಲಿ ಸರದಿಯ ಮೇಲೆ ರೊಟ್ಟಿ ಬಡಿದರು, ಕಟ್ಟಿಗೆ ಉಳಿಯಲಿ ಎಂದು. ಗಡಿ ಅಂದರೆ ಬರೀ ಜಗಳ ಎಂದು ದೂರದಲ್ಲಿ ಕೂತು ತಿಳಿದವರಿಗೆ ನಾನು ಈ ಒಲೆಯನ್ನು ತೋರಿಸಬೇಕು ಅಂದುಕೊಳ್ಳುತ್ತೇನೆ.

ಆ ಬೇಸಿಗೆಯಲ್ಲೇ ಕಾಗದ ಬಂತು. ಅಣ್ಣನಿಗೆ ಓದು ಅಷ್ಟಕ್ಕಷ್ಟೆ. ಬೆಳಗಾವಿಯ ಮರಾಠಾ ರೆಜಿಮೆಂಟಿನ ಕೇಂದ್ರದಲ್ಲಿ ತಾಲೀಮು ಮುಗಿಸಿ ಹೋದವನಿಗೆ ಸಾತಾರೆಯ ಕಡೆಯ ಜೊತೆಗಾರನೊಬ್ಬ ಕಾಗದ ಬರೆದುಕೊಡುತ್ತಿದ್ದ. ಅಣ್ಣ ಕನ್ನಡದಲ್ಲಿ ನೆನೆದದ್ದು ಆತನ ಕೈಯಲ್ಲಿ ಮರಾಠಿಯಾಗಿ, ನಮ್ಮೂರಿಗೆ ಬಂದು ನನ್ನ ಬಾಯಲ್ಲಿ ಮತ್ತೆ ಕನ್ನಡವಾಗಬೇಕು. ನಾನಾಗ ಐದನೆಯ ಇಯತ್ತೆ. ಊರಿನ ಕನ್ನಡ ಶಾಲೆಯಲ್ಲಿ ಮರಾಠಿಯನ್ನೂ ಓದುತ್ತಿದ್ದೆ.

ಅತ್ತಿ ನಮ್ಮ ಪಡಸಾಲೆಗೆ ಬಂದು ಕಂಬಕ್ಕೆ ಒರಗಿ ಕೂತಳು. ನಾನು ಬಿಡಿಸಿ ಓದಿದೆ: ‘ತೀರ್ಥರೂಪ ಆಯೀಸ ಶಿರಸಾಷ್ಟಾಂಗ ನಮಸ್ಕಾರ.’ ಆಮೇಲೆ ಕನ್ನಡದಲ್ಲಿ, ‘ಆಯಿಗೆ ನಮಸ್ಕಾರ ಅಂತ ಬರ್ದಾನ’ ಅಂದೆ.

ಅತ್ತಿಯ ಮುಖ ಇಳಿಯಿತು. ‘ಆಯಿ ಸತ್ತು ಐದು ವರ್ಷಾತಲ್ಲೋ. ಆಕೀಗ್ಯಾಕ ಬರದಾನ? ನನಗ ಏನೂ ಬರದಿಲ್ಲೇನು?’

ನನಗೆ ಬಾಯಿ ಬರಲಿಲ್ಲ. ಜೋಳ ಹಸನು ಮಾಡುತ್ತಿದ್ದ ನಮ್ಮ ಆಯಿ ತಲೆ ಎತ್ತದೆ ಹೇಳಿದಳು: ‘ಆಯಿ ಅಲ್ಲೋ, ಅವ್ವ ಅನ್ನು. ಅಂವ ಅವ್ವಾ ಅಂತನ ಅಂದಿರ್ತಾನ.’

ನಾನು ಮೊದಲಿಂದ ಓದಿದೆ. ಅವ್ವಾ, ಊರ ಕಡೆ ದುಷ್ಕಾಳ ಅಂತ ಕೇಳಿದೆ. ರೊಕ್ಕ ಕಳಿಸೀನಿ. ಏನ ಬಂದ್ರೂ ಎತ್ತು ಮಾರಬ್ಯಾಡ. ಸೂಟಿ ಸಿಕ್ಕರ ಬಂದು ನಾನ ಮಡ್ಡಿ ಹೊಲ ಹೊಡೀತೀನಿ.

ಎತ್ತು ಮಾರಿ ಅದಾಗಲೇ ಎರಡು ತಿಂಗಳಾಗಿತ್ತು. ದಾವಣಿಯ ಹಗ್ಗಗಳು ಮಾತ್ರ ಅವರ ಮನೆಯ ಗೂಟದಲ್ಲಿ ತೂಗುತ್ತಿದ್ದವು. ಅತ್ತಿ ಬಹಳ ಹೊತ್ತು ಸುಮ್ಮನಿದ್ದು, ‘ಬರಿ’ ಅಂದಳು. ‘ಎತ್ತು ಆರಾಮ ಅದಾವ ಅಂತ ಬರಿ. ಮೇವು ಸಿಗತೈತಿ ಅಂತ ಬರಿ. ನಾ ಖಡಿ ಒಡಿಯಾಕ ಹೋಗತೀನಂತ ಬರೀಬ್ಯಾಡ.’ ನಾನು ಮರಾಠಿಯಲ್ಲಿ ಹಾಗೆಯೇ ಬರೆದೆ. ಹನ್ನೊಂದು ವರ್ಷದ ನನಗೆ ಸುಳ್ಳು ಬರೆಯುತ್ತಿದ್ದೇನೆ ಎಂಬ ಅಳುಕಿತ್ತು. ಅತ್ತಿ ವಿಳಾಸದ ಜಾಗದಲ್ಲಿದ್ದ ‘ಕೇರ್ ಆಫ್ 56 ಎ.ಪಿ.ಒ.’ ಎಂಬುದರ ಮೇಲೆ ಕಲ್ಲು ಒಡೆದು ಒರಟಾದ ಬೆರಳಾಡಿಸಿ, ‘ಇದು ಯಾವ ಊರೋ?’ ಎಂದು ಕೇಳಿದಳು. ನನಗೂ ಗೊತ್ತಿರಲಿಲ್ಲ.

ಆ ಮಳೆಗಾಲ ದೇವರು ಕಣ್ಣು ತೆರೆದ. ನವೆಂಬರ್ 1ಕ್ಕೆ ಮೈಸೂರು ರಾಜ್ಯದ ಹೆಸರು ಕರ್ನಾಟಕವಾಯಿತು. ಅಕ್ಕಲಕೋಟೆ ಅತ್ತ ಸೇರಬೇಕೆಂದು ಗಡಿಯ ತಗಾದೆ ನೋಡಿದ್ದ ಮಹಾಜನ ಆಯೋಗ 1967ರಲ್ಲೇ ಹೇಳಿತ್ತು, ಆ ವರದಿ ಅಲ್ಲೇ ಕೂತಿತ್ತು. ದೀಪಾವಳಿ ಮುಗಿದ ಮೇಲೆ ಬಂದ ಮಾಮಾನ ಕಾಗದದ ಮೇಲೆ ಹೊಸ ಹೆಸರು ಕಂಡು ಅಪ್ಪ ಅದನ್ನು ಎರಡು ಸಲ ಗಟ್ಟಿಯಾಗಿ ಓದಿದ. ಆಯಿ, ‘ನಮ್ಮ ಊರಿನ ಹೆಸರೂ ಬದಲಾಗತದೇನು?’ ಎಂದು ಕೇಳಿದಳು. ಇಲ್ಲ ಅಂದ ಅಪ್ಪ. ಅವತ್ತು ಕಾಕು ಗೋಡೆಯ ಮೇಲಿಂದ ಬಿಳಿಜೋಳದ ರೊಟ್ಟಿ ಕೊಟ್ಟಳು.

ಅಣ್ಣ ಸೂಟಿಗೆ ಬಂದಾಗ ಖಾಲಿ ದಾವಣಿ ನೋಡಿದ, ಏನೂ ಕೇಳಲಿಲ್ಲ. ಅವನ ಟ್ರಂಕಿನಲ್ಲಿ ನನ್ನ ವಕ್ಕರ ಅಕ್ಷರದ ಕಾಗದಗಳೆಲ್ಲ ಇದ್ದವು, ಮಡಿಕೆ ಕೆಡದಂತೆ. ಅತ್ತಿ ತೀರಿಕೊಂಡ ಮೇಲೆ ಅವನು ಅವನ್ನು ನನಗೇ ಕೊಟ್ಟ. ಎತ್ತು ಆರಾಮ ಅದಾವ ಎಂದು ಬರೆದ ಕಾಗದ ಈಗ ನನ್ನ ಕಪಾಟಿನಲ್ಲಿದೆ.

ನಿಮ್ಮ ಮನೆಯ ಟ್ರಂಕಿನಲ್ಲೂ ಆ ವರ್ಷಗಳ ಕಾಗದ ಇದ್ದಾವು, ಯಾವ ಭಾಷೆಯದೇ ಇರಲಿ. ರದ್ದಿಗೆ ಹಾಕಬೇಡಿ. ಬರೆದವರೋ ಬರೆಸಿದವರೋ ಇನ್ನೂ ಇದ್ದರೆ, ಈ ಸಲ ಊರಿಗೆ ಹೋದಾಗ ಅವರ ಮುಂದೆ ಕೂತು ಒಮ್ಮೆ ಓದಿಸಿಕೊಳ್ಳಿ.